61850 ಡೇಟಾ ಮಾಡೆಲ್, ಎಸ್‌ಸಿಡಿ ಫೈಲು: ರಿಲೇ ಟೆಸ್ಟಿಂಗಿಂದ ಬಂದೋರು ಎಲ್ಲಿಂದ ಶುರು ಮಾಡ್ಬೇಕು?

ಸೆಕೆಂಡರಿ_ಇಂಜೆಕ್ಷನ್

ಎಲ್ರಿಗೂ ನಮಸ್ಕಾರ. ನಾನು ಇಇಇ ಮುಗಿಸಿ ನಾಲ್ಕು ವರ್ಷ ಟೆಸ್ಟಿಂಗ್ ಅಂಡ್ ಕಮಿಷನಿಂಗಲ್ಲಿ ಇದ್ದೆ. ಕಿಟ್ ಹೊತ್ಕೊಂಡು ಸ್ಟೇಷನ್ನಿಂದ ಸ್ಟೇಷನ್ನಿಗೆ ಓಡಾಡೋದು, ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಪೊಲಾರಿಟಿ ನೋಡೋದು, ಡಿಸ್ಟನ್ಸ್ ರಿಲೇ ಝೋನ್ ಟೈಮಿಂಗ್ ತೆಗೆಯೋದು, ಸ್ಕೀಮ್ ಚೆಕ್, ಇದೆಲ್ಲ ಕೈಗೆ ಕೂತಿದೆ. ಎರಡು ತಿಂಗಳ ಹಿಂದೆ ಬೆಂಗಳೂರು ಆಫೀಸಲ್ಲಿ ಸಬ್‌ಸ್ಟೇಷನ್ ಆಟೊಮೇಷನ್ ಟೀಮಿಗೆ ಹಾಕಿದ್ರು. ಈಗ ಕೈಲಿರೋದು ಒಂದು 220/66/11 ಕೆವಿ ಸ್ಟೇಷನ್, ಮೂರು ಕಂಪನಿ ರಿಲೇಗಳಿವೆ, ಎಲ್ಲ ಐಇಸಿ 61850 ಮೇಲೆ, ಅಂದ್ರೆ ಸಬ್‌ಸ್ಟೇಷನ್ ಸಾಧನಗಳು ನೆಟ್‌ವರ್ಕಲ್ಲಿ ಮಾತಾಡೋಕೆ ಇರೋ ಸ್ಟ್ಯಾಂಡರ್ಡ್ ಮೇಲೆ.

ಕಷ್ಟ ಏನಂದ್ರೆ ನಂಗೆ ಇಲ್ಲಿ ಹೇಳಿಕೊಟ್ಟಿದ್ದು ಬರೀ ಟೂಲ್. ಇಲ್ಲಿ ರೈಟ್ ಕ್ಲಿಕ್ ಮಾಡು, ಐಸಿಡಿ ಇಂಪೋರ್ಟ್ ಮಾಡು, ಸಿಗ್ನಲ್ ಎಳೆದು ಡೇಟಾಸೆಟ್‌ಗೆ (ಒಟ್ಟಿಗೆ ಕಳಿಸೋ ಸಿಗ್ನಲ್‌ಗಳ ಪಟ್ಟಿಗೆ) ಹಾಕು, ಎಕ್ಸ್‌ಪೋರ್ಟ್ ಕೊಡು ಅಂತ. ಹಂಗೇ ಮಾಡ್ತೀನಿ, ಕೆಲಸ ನಡೆಯುತ್ತೆ, ಆದ್ರೆ ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ಯಾಕೆ ಅಂತ ಒಂದಕ್ಷರ ಗೊತ್ತಾಗಲ್ಲ. ಹಾರ್ಡ್‌ವೈರ್ ಆಗಿದ್ರೆ ಮಲ್ಟಿಮೀಟರ್ ಹಿಡ್ಕೊಂಡು ಟರ್ಮಿನಲ್ ಟರ್ಮಿನಲ್ ನೋಡ್ಕೊಂಡು ಹೋಗ್ತಿದ್ದೆ, ಇಲ್ಲಿ ಹಿಡಿಯೋಕೆ ಏನೂ ಇಲ್ಲ. ಸ್ಟ್ಯಾಂಡರ್ಡ್ ಓದೋಣ ಅಂತ ಭಾಗ 7-2 ತೆಗೆದೆ, ಐವತ್ತು ಪುಟ ಆದ್ಮೇಲೂ ಒಂದು ಬ್ರೇಕರ್ ಕಾಣಿಸ್ಲಿಲ್ಲ.

ಡೇಟಾ ಮಾಡೆಲ್ ಅರ್ಥ ಮಾಡ್ಕೊಳ್ಳೋಕೆ ಸರಿಯಾದ ದಾರಿ ಯಾವ್ದು? ಐಸಿಡಿ, ಸಿಐಡಿ, ಎಸ್‌ಸಿಡಿ, ಎಸ್‌ಎಸ್‌ಡಿ ಇಷ್ಟೊಂದು ಫೈಲ್ ಯಾಕೆ, ಯಾವುದನ್ನ ನಂಬಬೇಕು? ಜೊತೆಗೆ ಈಗ ನಿಜವಾಗ್ಲೂ ತಲೆ ತಿಂತಿರೋ ಒಂದು ವಿಷಯ ಇದೆ. ಲ್ಯಾಬಲ್ಲಿ ಒಂದು 66 ಕೆವಿ ಬೇ (ಒಂದು ಫೀಡರಿನ ಬ್ರೇಕರ್, ಐಸೊಲೇಟರ್ ಎಲ್ಲ ಸೇರಿದ ವಿಭಾಗ) ಕಂಟ್ರೋಲ್ ಯುನಿಟ್ ಕೂರ್ಸಿದೀವಿ. ಎಚ್‌ಎಂಐ (ಆಪರೇಟರ್ ಸ್ಕ್ರೀನ್) ಸರ್ವರ್ ಎರಡಕ್ಕೂ ಬ್ರೇಕರ್ ಪೊಸಿಷನ್ ಬರ್ತಿದೆ, ಲೋಡ್ ಡಿಸ್ಪ್ಯಾಚ್ ಸೆಂಟರಿಗೆ ಐಇಸಿ 104 ಪ್ರೊಟೊಕಾಲಲ್ಲಿ ಕಳಿಸೋ ಗೇಟ್‌ವೇಗೆ ಮಾತ್ರ ಬರ್ತಿಲ್ಲ. ಪಿಂಗ್ ಹೋಗ್ತಿದೆ, ಕೇಬಲ್ ಬದಲಾಯಿಸಿದ್ದೂ ಆಯ್ತು. ಎಲ್ಲಿ ಹುಡುಕ್ಲಿ?

ಹಳೇ_ಸಿಂಗಲ್‌ಲೈನ್

ನೀವು ಫೀಲ್ಡಿಂದ ಬಂದಿದೀರಿ ಅಂದ್ರೆ ಅರ್ಧಕ್ಕಿಂತ ಜಾಸ್ತಿ ಆಗ್ಲೇ ಕಲ್ತಿದೀರಿ, ಹೆಸರುಗಳು ಮಾತ್ರ ಹೊಸವು. ಟೂಲ್ ಸ್ವಲ್ಪ ದಿನ ಮುಚ್ಚಿಡಿ. ಸಿಂಗಲ್ ಲೈನ್ ಡಯಾಗ್ರಾಂ ಪ್ರಿಂಟ್ ತಗೊಳ್ಳಿ, ಅದ್ರಲ್ಲಿ ಒಂದೇ ಒಂದು ಬೇ, ನಿಮ್ಮ ಆ 66 ಕೆವಿ ಫೀಡರನ್ನೇ ತಗೊಳ್ಳಿ, ಪೆನ್ಸಿಲ್ಲಲ್ಲಿ ಪ್ರತಿಯೊಂದರ ಪಕ್ಕ ಲಾಜಿಕಲ್ ನೋಡ್ (ಒಂದೊಂದು ಉಪಕರಣ ಅಥವಾ ಕೆಲಸಕ್ಕೆ ಮಾಡೆಲ್ಲಲ್ಲಿರೋ ತುಂಡು) ಹೆಸರು ಬರೀತಾ ಹೋಗಿ. ಬ್ರೇಕರ್ ಪಕ್ಕ ಎಕ್ಸ್‌ಸಿಬಿಆರ್. ಐಸೊಲೇಟರ್, ಅರ್ತ್ ಸ್ವಿಚ್ ಎರಡೂ ಎಕ್ಸ್‌ಎಸ್‌ಡಬ್ಲ್ಯುಐ. ಸಿಟಿ ಟಿಸಿಟಿಆರ್, ಪಿಟಿ (ವೋಲ್ಟೇಜ್ ಟ್ರಾನ್ಸ್‌ಫಾರ್ಮರ್) ಟಿವಿಟಿಆರ್. ಕರೆಂಟು, ವೋಲ್ಟೇಜು, ಮೆಗಾವ್ಯಾಟ್ ಅಳೆಯೋದು ಎಂಎಂಎಕ್ಸ್‌ಯು. ಟ್ರಾನ್ಸ್‌ಫಾರ್ಮರ್ ಟ್ಯಾಪ್ ಚೇಂಜರ್ ವೈಎಲ್‌ಟಿಸಿ. ಮೊದಲಕ್ಷರ ನೋಡಿದ್ರೇ ಗುಂಪು ಗೊತ್ತಾಗ್ಬಿಡುತ್ತೆ: ಎಕ್ಸ್ ಅಂದ್ರೆ ಸ್ವಿಚ್‌ಗೇರ್, ಟಿ ಅಂದ್ರೆ ಇನ್‌ಸ್ಟ್ರುಮೆಂಟ್ ಟ್ರಾನ್ಸ್‌ಫಾರ್ಮರ್, ವೈ ಅಂದ್ರೆ ಪವರ್ ಟ್ರಾನ್ಸ್‌ಫಾರ್ಮರ್, ಎಂ ಅಳತೆ, ಸಿ ಕಂಟ್ರೋಲ್, ಪಿ ಪ್ರೊಟೆಕ್ಷನ್, ಆರ್ ಪ್ರೊಟೆಕ್ಷನ್ನಿಗೆ ಹೊಂದಿಕೊಂಡಿದ್ದು.

ಈಗ ರಿಲೇ ಪ್ಯಾನೆಲ್ಲಿಗೆ ಬನ್ನಿ, ಇದು ನಿಮ್ಮ ಸ್ವಂತ ಊರು. 51 (ಟೈಮ್ ಓವರ್‌ಕರೆಂಟ್) ಅಂತೀರಲ್ಲ ಅದು ಪಿಟಿಒಸಿ. 50 (ತಕ್ಷಣದ ಓವರ್‌ಕರೆಂಟ್) ಪಿಐಒಸಿ. 87 (ಡಿಫರೆನ್ಷಿಯಲ್) ಪಿಡಿಐಎಫ್. 21 (ಡಿಸ್ಟನ್ಸ್) ಪಿಡಿಐಎಸ್, ಅದ್ರಲ್ಲೂ ಝೋನಿಗೊಂದು, ಝೋನ್ ಒಂದು ಪಿಡಿಐಎಸ್1, ಝೋನ್ ಎರಡು ಪಿಡಿಐಎಸ್2 ಹಿಂಗೆ. 79 (ಆಟೊ ರಿಕ್ಲೋಸ್) ಆರ್‌ಆರ್‌ಇಸಿ, ಬ್ರೇಕರ್ ಫೇಲ್ಯೂರ್ ಆರ್‌ಬಿಆರ್‌ಎಫ್, ಸಿಂಕ್ ಚೆಕ್ ಆರ್‌ಎಸ್‌ವೈಎನ್. ಇವೆಲ್ಲ ಆಪರೇಟ್ ಆದ್ಮೇಲೆ ಒಟ್ಟುಗೂಡಿಸಿ ಟ್ರಿಪ್ ಕೊಡೋದು ಪಿಟಿಆರ್‌ಸಿ. ಇಂಜೆಕ್ಷನ್ ಮಾಡುವಾಗ ಮೊದಲು ಪಿಕಪ್ ಎಲ್‌ಇಡಿ ಹತ್ತುತ್ತಲ್ಲ ಅದು ಪಿಟಿಒಸಿ ಒಳಗಿನ ಎಸ್‌ಟಿಆರ್, ಟೈಮ್ ಮುಗಿದು ಆಪರೇಟ್ ಆಗೋದು ಒಪಿ. ನಾಲ್ಕು ವರ್ಷ ನೀವು ನೋಡ್ತಿದ್ದಿದ್ದು ಇದೇ ಡೇಟಾ ಆಬ್ಜೆಕ್ಟುಗಳನ್ನ.

ಒಂದು ಬ್ರೇಕರನ್ನ ಪೂರ್ತಿ ಬಿಚ್ಚಿ ನೋಡೋಣ, ಉಳಿದಿದ್ದು ತಾನಾಗೇ ಬರುತ್ತೆ. ಯಾರ್ಡಲ್ಲಿ ಮೆಕ್ಯಾನಿಸಂ ಬಾಕ್ಸ್ ಬಾಗಿಲು ತೆಗೆದ್ರೆ ಆಕ್ಸಿಲರಿ ಸ್ವಿಚ್ ಕಾಣುತ್ತೆ, 52ಎ (ಬ್ರೇಕರ್ ಕ್ಲೋಸ್ ಇದ್ರೆ ಮುಚ್ಚೋದು), 52ಬಿ (ಓಪನ್ ಇದ್ರೆ ಮುಚ್ಚೋದು) ಎರಡು ಕಾಂಟ್ಯಾಕ್ಟ್ ಬೇ ಕಂಟ್ರೋಲ್ ಯುನಿಟ್ಟಿಗೆ ಬಂದಿರುತ್ತೆ. ಇದನ್ನೇ ಮಾಡೆಲ್ಲಲ್ಲಿ ಎಕ್ಸ್‌ಸಿಬಿಆರ್1 ಒಳಗೆ ಪೊಸ್ ಅಂತ ಇಟ್ಟಿದಾರೆ. ಪೊಸ್‌ನ ಜಾತಿ ಡಿಪಿಸಿ, ಅಂದ್ರೆ ಕಂಟ್ರೋಲ್ ಮಾಡಬಹುದಾದ ಡಬಲ್ ಪಾಯಿಂಟ್. ಬ್ರೇಕರ್ ಓಪನ್ ಇದ್ರೆ 01, ಕ್ಲೋಸ್ ಇದ್ರೆ 10. ಕ್ಲೋಸ್ ಕಮಾಂಡ್ ಕೊಟ್ಟ ಮೇಲೆ ಒಂದು ಬಿಟ್ಟು ಇನ್ನೊಂದು ಹಿಡಿಯೋ ಆ ಸಣ್ಣ ಹೊತ್ತಲ್ಲಿ ಎರಡೂ ಕಾಂಟ್ಯಾಕ್ಟ್ ತೆರೆದಿರುತ್ತೆ, ಆಗ 00, ಇಂಟರ್‌ಮೀಡಿಯೆಟ್. ಎರಡೂ ಒಟ್ಟಿಗೆ ಬಂದ್ರೆ 11, ಅದು ಬ್ಯಾಡ್ ಸ್ಟೇಟ್, ಕಾಂಟ್ಯಾಕ್ಟ್ ಅಂಟಿಕೊಂಡಿದೆ ಅಥವಾ ವೈರಿಂಗ್ ತಪ್ಪಿದೆ ಅಂತ. ಈ ಬೆಲೆ ಕೂರೋ ಜಾಗದ ಹೆಸರು ಎಸ್‌ಟಿವ್ಯಾಲ್. ಅದ್ರ ಪಕ್ಕ ಯಾವಾಗ್ಲೂ ಇನ್ನೆರಡು ಇರುತ್ತೆ, ಕ್ಯೂ ಅಂದ್ರೆ ಕ್ವಾಲಿಟಿ, ಈ ಬೆಲೆನ ನಂಬಬಹುದಾ ಇಲ್ವಾ ಅಂತ, ಟಿ ಅಂದ್ರೆ ಬದಲಾದ ಸಮಯ. ಈ ಮೂರನ್ನ ಬೇರೆ ಮಾಡಿ ಯೋಚಿಸ್ಬೇಡಿ, ಕ್ವಾಲಿಟಿ ನೋಡ್ದೆ ಬರೀ ಬೆಲೆ ತಗೊಂಡು ಇಂಟರ್‌ಲಾಕ್ ಬರೆದಿರೋ ಕೆಲಸ ನಾನು ನೋಡಿದೀನಿ, ಅದು ಅಪಾಯ.

ಅದೇ ಪೊಸ್ ಒಳಗೆ ಕಮಾಂಡಿನ ಭಾಗಾನೂ ಇದೆ, ಆದ್ರೆ ಎಚ್‌ಎಂಐ ಕಮಾಂಡ್ ಸೀದಾ ಎಕ್ಸ್‌ಸಿಬಿಆರ್‌ಗೆ ಹೋಗಲ್ಲ, ಸಿಎಸ್‌ಡಬ್ಲ್ಯುಐ ಅನ್ನೋ ಸ್ವಿಚ್ ಕಂಟ್ರೋಲ್ ನೋಡಿಗೆ ಹೋಗುತ್ತೆ, ಅದು ಇಂಟರ್‌ಲಾಕ್ ನೋಡೋ ಸಿಐಎಲ್‌ಒನ ಕೇಳುತ್ತೆ, ಕ್ಲೋಸ್ ಮಾಡೋಕೆ ಅನುಮತಿ ಇದ್ಯಾ ಅಂತ, ಇದ್ರೆ ಮಾತ್ರ ಬ್ರೇಕರ್‌ವರೆಗೂ ಬರುತ್ತೆ. ಸಾಮಾನ್ಯವಾಗಿ ಬ್ರೇಕರಿಗೆ ಇಡೋದು ಸೆಲೆಕ್ಟ್ ಬಿಫೋರ್ ಆಪರೇಟ್ (ಮೊದಲು ಆಯ್ಕೆ, ಆಮೇಲೆ ಕಮಾಂಡ್), ಎನ್‌ಹಾನ್ಸ್‌ಡ್ ಸೆಕ್ಯುರಿಟಿ ಜೊತೆಗೆ, ಸಿಟಿಎಲ್‌ಮಾಡೆಲ್ ಬೆಲೆ 4. ಕಮಾಂಡ್ ತಿರಸ್ಕಾರ ಆದ್ರೆ ಕಾರಣಾನೂ ವಾಪಸ್ ಬರುತ್ತೆ, ಇಂಟರ್‌ಲಾಕಿಂದ ತಡೆ ಆಯ್ತಾ, ಲೋಕಲ್ ರಿಮೋಟ್ ಸ್ವಿಚ್ಚಿಂದ ತಡೆ ಆಯ್ತಾ ಅಂತ. ಆ ಕಾರಣಾನ ಎಚ್‌ಎಂಐಲಿ ತೋರಿಸೋ ಹಂಗೆ ಮಾಡಿ, ಆಪರೇಟರ್ ನಿಮ್ಮನ್ನ ನೆನೆಸ್ಕೋತಾರೆ.

ಪ್ಯಾನೆಲ್ಲಲ್ಲಿ ವೈರ್ ತುದಿಗೆ ಫೆರೂಲ್ ಹಾಕ್ತೀವಲ್ಲ, ಎಲ್‌ಡಿ0/ಎಕ್ಸ್‌ಸಿಬಿಆರ್1.ಪೊಸ್.ಎಸ್‌ಟಿವ್ಯಾಲ್ (ಎಲ್‌ಡಿ ಅಂದ್ರೆ ಲಾಜಿಕಲ್ ಡಿವೈಸ್) ಅನ್ನೋದು ಆ ಫೆರೂಲ್ ಇದ್ದ ಹಂಗೆ. ಒಂದೇ ವ್ಯತ್ಯಾಸ, ಫೆರೂಲ್ ನಂಬರ್ ಕಂಪನಿಗೊಂದು ಥರ ಇರುತ್ತೆ, ಇಲ್ಲಿ ಎಕ್ಸ್‌ಸಿಬಿಆರ್, ಪೊಸ್, ಎಸ್‌ಟಿವ್ಯಾಲ್ ಅನ್ನೋ ಹೆಸರುಗಳು ಯಾವ ಕಂಪನಿ ರಿಲೇ ಆದ್ರೂ ಒಂದೇ. ಮಾಡೆಲ್ ಮಾಡಿದ್ದ ಉದ್ದೇಶಾನೇ ಅದು. ಹಳೇ ಪ್ರೊಟೊಕಾಲುಗಳಾದ ಐಇಸಿ 103 ಕಾಲದಲ್ಲಿ, ಮಾಡ್‌ಬಸ್ ಕಾಲದಲ್ಲಿ, ರಿಜಿಸ್ಟರ್ 40017 ಅಂದ್ರೆ ಏನು ಅಂತ ಪ್ರತಿ ಸಲ ಕಂಪನಿಯವರ ಪಟ್ಟಿ ಕೇಳ್ಬೇಕಿತ್ತು.

ಇನ್ನು ಫೈಲುಗಳು. ಐಸಿಡಿ ಅಂದ್ರೆ ರಿಲೇ ಕಂಪನಿ ಕೊಡೋದು, ನನ್ನ ರಿಲೇ ಒಳಗೆ ಇಷ್ಟೆಲ್ಲ ಇದೆ, ಇಷ್ಟು ಮಾಡಬಲ್ಲೆ ಅಂತ. ಅದ್ರಲ್ಲಿ ಐಇಡಿ (ರಿಲೇ ಥರದ ಸಾಧನ) ಹೆಸರು ಟೆಂಪ್ಲೇಟ್ ಅಂತಾನೇ ಇರುತ್ತೆ, ಇನ್ನೂ ಯಾವ ಸ್ಟೇಷನ್ನಿಗೂ ಸೇರಿಲ್ಲ. ಎಸ್‌ಎಸ್‌ಡಿ ಅಂದ್ರೆ ನಿಮ್ಮ ಸಿಂಗಲ್ ಲೈನನ್ನೇ ಎಕ್ಸ್‌ಎಂಎಲ್‌ಲಿ ಬರೆದಿದ್ದು. ಇವನ್ನೆಲ್ಲ ಸಿಸ್ಟಂ ಟೂಲಲ್ಲಿ ಸೇರಿಸಿ, ಹೆಸರು ಕೊಟ್ಟು, ಐಪಿ ಕೊಟ್ಟು, ಯಾರು ಯಾರಿಗೆ ಏನು ಕಳಿಸ್ಬೇಕು ಅಂತ ಬರೆದಾಗ ಆಗೋದು ಎಸ್‌ಸಿಡಿ, ಇಡೀ ಸ್ಟೇಷನ್ನಿಗೆ ಒಂದೇ. ಅದ್ರಿಂದ ಒಂದು ರಿಲೇಗೆ ಬೇಕಾದಷ್ಟು ಕತ್ತರಿಸಿ ಡೌನ್‌ಲೋಡ್ ಮಾಡೋದು ಸಿಐಡಿ. ಯಾವುದನ್ನ ನಂಬಬೇಕು ಅಂತ ಕೇಳಿದ್ರಲ್ಲ, ಎಸ್‌ಸಿಡಿ ಒಂದನ್ನೇ. ರಿಲೇ ಒಳಗೆ ಎಸ್‌ಸಿಡಿಲಿ ಇಲ್ಲದ ಬದಲಾವಣೆ ಇದೆ ಅಂದ್ರೆ ಆ ಸ್ಟೇಷನ್ನಿನ ಡ್ರಾಯಿಂಗೇ ಸುಳ್ಳು ಅಂತ ಲೆಕ್ಕ.

ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಎಸ್‌ಸಿಡಿನ ನೋಟ್‌ಪ್ಯಾಡ್ ಪ್ಲಸ್‌ಪ್ಲಸ್‌ನಲ್ಲಿ ತೆಗೀರಿ, ಹೆದರ್ಬೇಡಿ, ದೊಡ್ಡದಿರುತ್ತೆ ಅಷ್ಟೇ, ಒಳಗೆ ಹೆಡರ್, ಸಬ್‌ಸ್ಟೇಷನ್, ಕಮ್ಯುನಿಕೇಷನ್, ಐಇಡಿ, ಡೇಟಾಟೈಪ್‌ಟೆಂಪ್ಲೇಟ್ಸ್ ಅಂತ ಐದು ಭಾಗ. ಐಇಡಿ ಕೆಳಗೆ ಎಕ್ಸ್‌ಸಿಬಿಆರ್ ಹುಡುಕಿ, ಅದ್ರ ಎಲ್‌ಎನ್‌ಟೈಪ್ ಏನಂತ ನೋಡಿ, ಅದೇ ಹೆಸರನ್ನ ಕೊನೆಯ ಭಾಗದಲ್ಲಿ ಹುಡುಕಿ, ಅಲ್ಲಿ ಪೊಸ್ ಸಿಗುತ್ತೆ, ಪೊಸ್‌ನ ಟೈಪ್ ಹಿಡ್ಕೊಂಡು ಇನ್ನೂ ಕೆಳಗೆ ಹೋಗಿ, ಎಸ್‌ಟಿವ್ಯಾಲ್, ಕ್ಯೂ, ಟಿ ಸಿಗೋವರೆಗೂ. ಟರ್ಮಿನಲ್ಲಿಂದ ಟರ್ಮಿನಲ್ಲಿಗೆ ವೈರ್ ಹಿಡ್ಕೊಂಡು ಹೋಗೋದಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲ. ಒಂದು ಸಲ ಕೈಯಾರೆ ಹಿಂಗೆ ಹೋಗಿ ಬಂದ್ರೆ ಆ ಮೇಲೆ ಟೂಲ್ ಏನು ಮಾಡ್ತಿದೆ ಅಂತ ಕಣ್ಣಿಗೆ ಕಾಣುತ್ತೆ.

ಸ್ಟ್ಯಾಂಡರ್ಡ್ ಓದೋದಾದ್ರೆ 7-1 ಮೊದಲು, ಆಮೇಲೆ ಭಾಗ 6. 7-4, 7-3 ಎರಡೂ ನಿಘಂಟು ಇದ್ದಂಗೆ, ಪಕ್ಕದಲ್ಲಿಟ್ಕೊಂಡು ಬೇಕಾದಾಗ ತೆಗೀರಿ. 7-2 ಕೊನೆಗೆ. ಇನ್ನೊಂದು, ಮೂರು ಕಂಪನಿ ರಿಲೇ ಅಂದ್ರಲ್ಲ, ಪ್ರತಿ ಐಸಿಡಿಯ ಶುರುವಲ್ಲಿರೋ ಎಸ್‌ಸಿಎಲ್ ಅನ್ನೋ ಸಾಲು ನೋಡಿ. ಎಡಿಷನ್ ಎರಡಾದ್ರೆ ವರ್ಷನ್ 2007, ರಿವಿಷನ್ ಬಿ ಅಂತ ಇರುತ್ತೆ, ಎಡಿಷನ್ ಒಂದಾದ್ರೆ ಅದು ಇರಲ್ಲ. ಮಿಶ್ರ ಇದ್ರೆ ಈಗ್ಲೇ ಗೊತ್ತಾಗೋದು ಒಳ್ಳೇದು.

ಬಸ್‌ಕಪ್ಲರ್

ಮೇಲಿನವರು ಹೇಳಿದ್ದಕ್ಕೆ ಒಂದು ಅನುಭವ ಸೇರಿಸ್ತೀನಿ, ಎಸ್‌ಸಿಡಿ ಒಂದನ್ನೇ ನಂಬಿ ಅನ್ನೋದು ಯಾಕೆ ಅಂತ.

ಡಬಲ್ ಬಸ್ ಇರೋ ಒಂದು 220 ಕೆವಿ ಸ್ಟೇಷನ್. ಲೈನನ್ನ ಲೋಡ್ ಇರುವಾಗ್ಲೇ ಒಂದು ಬಸ್ಸಿಂದ ಇನ್ನೊಂದಕ್ಕೆ ಬದಲಾಯಿಸ್ಬೇಕು ಅಂದ್ರೆ ಎರಡೂ ಬಸ್ ಐಸೊಲೇಟರ್ ಸ್ವಲ್ಪ ಹೊತ್ತು ಒಟ್ಟಿಗೆ ಕ್ಲೋಸ್ ಇರ್ಬೇಕು, ಬಸ್ ಕಪ್ಲರ್ ಕ್ಲೋಸ್ ಇದ್ರೆ ಮಾತ್ರ ಅದಕ್ಕೆ ಇಂಟರ್‌ಲಾಕ್ ಬಿಡುತ್ತೆ, ಇದು ನಿಮಗೆ ಗೊತ್ತೇ ಇರುತ್ತೆ. ಕಪ್ಲರ್ ಬೇ ಯುನಿಟ್ ತನ್ನ ಬ್ರೇಕರ್, ಐಸೊಲೇಟರ್ ಸ್ಥಿತಿನ ಗೂಸ್‌ನಲ್ಲಿ (ರಿಲೇಯಿಂದ ರಿಲೇಗೆ ಸೀದಾ ಹೋಗೋ ವೇಗದ ಮೆಸೇಜಲ್ಲಿ) ಎಲ್ಲ ಲೈನ್ ಬೇಗಳಿಗೂ ಕಳಿಸ್ತಿತ್ತು. ಫ್ಯಾಕ್ಟರಿ ಟೆಸ್ಟ್ ಪೂರ್ತಿ ಪಾಸ್. ಸೈಟಿಗೆ ಬಂದ ಮೇಲೆ ಯಾರಿಗೋ ಎಸ್‌ಎಫ್6 ಗ್ಯಾಸ್ ಪ್ರೆಷರ್ ಲೋ ಸಿಗ್ನಲ್ಲೂ ಅದ್ರಲ್ಲೇ ಹೋಗ್ಲಿ ಅನ್ನಿಸ್ತು, ಸಿಸ್ಟಂ ಟೂಲ್ ಇದ್ದ ಲ್ಯಾಪ್‌ಟಾಪ್ ಬೆಂಗಳೂರಲ್ಲಿ, ಸೈಟಲ್ಲಿ ರಿಲೇ ಟೂಲ್ ಮಾತ್ರ, ಸೀದಾ ರಿಲೇ ಟೂಲಲ್ಲೇ ಡೇಟಾಸೆಟ್ ತೆಗೆದು ಎರಡನೇ ಸ್ಥಾನದಲ್ಲಿ ಸೇರ್ಸಿ ಡೌನ್‌ಲೋಡ್ ಮಾಡಿದ್ರು. ಮಾರನೇ ದಿನ ನಾನು ಇಂಟರ್‌ಲಾಕ್ ಟೆಸ್ಟಿಗೆ ನಿಂತಾಗ ಒಂದೇ ಒಂದು ಲೈನ್ ಬೇನಲ್ಲೂ ಬಸ್ ಟ್ರಾನ್ಸ್‌ಫರ್ ಅನುಮತಿ ಬರ್ತಿಲ್ಲ. ಸ್ವಿಚ್ಚಲ್ಲಿ ಮಿರರ್ ಪೋರ್ಟ್ ಮಾಡ್ಕೊಂಡು ವೈರ್‌ಶಾರ್ಕ್ ಹಾಕಿದ್ರೆ ಗೂಸ್ ಚೆನ್ನಾಗೇ ಬರ್ತಿದೆ. ಎಸ್‌ಟಿನಂಬರ್ (ಬೆಲೆ ಬದಲಾದಾಗ ಏರೋ ಎಣಿಕೆ) ಸರಿ, ಎಸ್‌ಕ್ಯೂನಂಬರ್ (ಮತ್ತೆ ಮತ್ತೆ ಕಳಿಸಿದ್ದರ ಎಣಿಕೆ) ಏರ್ತಾ ಇದೆ. ಕಾನ್ಫ್‌ರೆವ್ (ಕಾನ್ಫಿಗರೇಷನ್ ರಿವಿಷನ್ ಸಂಖ್ಯೆ) ನೋಡಿದ್ರೆ 2. ಲೈನ್ ಬೇಗಳು ಕಾಯ್ತಿರೋದು 1.

ಇದ್ರ ಹಿಂದಿನ ಕಾರಣ ತಿಳ್ಕೊಂಡ್ರೆ ಗೂಸ್ ಅರ್ಧ ಅರ್ಥ ಆದಂಗೆ. ಗೂಸ್ ಪ್ಯಾಕೆಟ್ ಒಳಗೆ ಡೇಟಾಸೆಟ್ ಹೆಸರು ಇರುತ್ತೆ, ಕಂಟ್ರೋಲ್ ಬ್ಲಾಕ್ ಹೆಸರು ಇರುತ್ತೆ, ಆದ್ರೆ ಒಳಗಿನ ಒಂದೊಂದು ಸಿಗ್ನಲ್ ಹೆಸರು ಇರಲ್ಲ, ಬರೀ ಬೆಲೆಗಳು ಸಾಲಾಗಿ. ಮೊದಲನೇದು ಬ್ರೇಕರ್, ಎರಡನೇದು ಐಸೊಲೇಟರ್ ಅಂತ ಎರಡೂ ಕಡೆಯವರು ಮೊದಲೇ ಒಪ್ಪಿರ್ಬೇಕು, ಆ ಒಪ್ಪಂದ ಇರೋದು ಎಸ್‌ಸಿಡಿಲಿ. ಮಧ್ಯೆ ಒಂದು ಸೇರಿಸಿದ್ರೆ ಎಲ್ಲ ಒಂದೊಂದು ಮನೆ ಆಚೆ ಜರುಗಿಬಿಡುತ್ತೆ. ಕಾನ್ಫ್‌ರೆವ್ ಅನ್ನೋ ಸಂಖ್ಯೆ ಇಲ್ದೇ ಇದ್ದಿದ್ರೆ ಐಸೊಲೇಟರ್ ಸ್ಥಿತಿ ಅಂತ ಗ್ಯಾಸ್ ಪ್ರೆಷರ್ ಓದ್ಕೊಂಡು ಯಾವುದಾದ್ರೂ ಅನುಮತಿ ಬಂದುಬಿಡ್ತಿತ್ತೇನೋ. ನಮ್ಮ ಪುಣ್ಯ, ಲಾಜಿಕ್ ಬರೆದವರು ಗೂಸ್ ಕ್ವಾಲಿಟಿ ಹೋದ್ರೆ ಬ್ಲಾಕ್ ಆಗೋ ಹಂಗೆ ಬರೆದಿದ್ರು. ಮತ್ತೆ ಎಸ್‌ಸಿಡಿಲಿ ಸೇರ್ಸಿ, ಎಲ್ಲ ಬೇಗೂ ಡೌನ್‌ಲೋಡ್ ಮಾಡಿ, ಎಲ್ಲ ಇಂಟರ್‌ಲಾಕ್ ಮೊದಲಿಂದ ಟೆಸ್ಟ್ ಮಾಡೋಕೆ ನಾಲ್ಕು ದಿನ ಹೋಯ್ತು.

ನೀವು ಇಂಜೆಕ್ಷನ್ ಮಾಡ್ತಿದ್ದವರು ಅಂತ ಇದನ್ನೂ ಹೇಳ್ಬಿಡ್ತೀನಿ. ಹಾರ್ಡ್‌ವೈರಲ್ಲಿ ಟ್ರಿಪ್ ಲಿಂಕ್ ಬಿಚ್ಚಿ, ಟೆಸ್ಟ್ ಬ್ಲಾಕಲ್ಲಿ ಪ್ಲಗ್ ಹಾಕಿದ್ರೆ ನಿಶ್ಚಿಂತೆ. ಗೂಸ್‌ನಲ್ಲಿ ಬಿಚ್ಚೋಕೆ ಲಿಂಕೇ ಇಲ್ಲ. ಬ್ರೇಕರ್ ಫೇಲ್ಯೂರ್ ಟೆಸ್ಟ್ ಮಾಡೋಕೆ ಹೋಗಿ ಇಡೀ ಬಸ್ ಟ್ರಿಪ್ ಮಾಡಬಹುದು. ಅದಕ್ಕೇ ಮಾಡೆಲ್ಲಲ್ಲಿ ಮಾಡ್ ಅನ್ನೋ ಡೇಟಾ ಆಬ್ಜೆಕ್ಟ್ ಇದೆ, ಅದನ್ನ ಟೆಸ್ಟ್‌ಗೆ ಇಟ್ರೆ ಆ ರಿಲೇ ಕಳಿಸೋ ಪ್ರತಿ ಬೆಲೆಯ ಕ್ವಾಲಿಟಿಲೂ ಟೆಸ್ಟ್ ಬಿಟ್ ಏರುತ್ತೆ, ಟೆಸ್ಟಲ್ಲಿ ಇಲ್ಲದ ರಿಲೇ ಅದನ್ನ ಆಚರಣೆಗೆ ತರಬಾರದು. ಎಡಿಷನ್ ಎರಡರಲ್ಲಿ ಎಲ್‌ಪಿಎಚ್‌ಡಿ (ಸಾಧನದ ಬಗ್ಗೆ ಇರೋ ನೋಡ್) ಒಳಗೆ ಸಿಮ್ ಕೂಡ ಬಂತು, ನಿಮ್ಮ ಟೆಸ್ಟ್ ಕಿಟ್ ಕಳಿಸೋ ಸಿಮ್ಯುಲೇಷನ್ ಗೂಸನ್ನ ಅಸಲಿಯ ಜಾಗದಲ್ಲಿ ತಗೊಳ್ಳೋಕೆ. ನಿಮ್ಮ ಮೂರು ಕಂಪನಿ ರಿಲೇಗಳಲ್ಲಿ ಇವು ಹೆಂಗೆ ನಡೆದುಕೊಳ್ತವೆ ಅಂತ ಲ್ಯಾಬಲ್ಲಿ ಇರುವಾಗ್ಲೇ ಒಂದೊಂದಾಗಿ ನೋಡಿಡಿ. ಚಾರ್ಜ್ ಆದ ಸ್ಟೇಷನ್ನಲ್ಲಿ ನೋಡೋ ವಿಷಯ ಅಲ್ಲ ಇದು.

110ಕೆವಿ_ನೈಟ್‌ಶಿಫ್ಟ್

ನಾ ಹುಬ್ಬಳ್ಳಿ ಕಡೆ 110 ಕೆವಿ ಸ್ಟೇಷನ್ನಿನ್ಯಾಗ ಶಿಫ್ಟ್ ಡ್ಯೂಟಿ ಮಾಡಾಂವ್ರಿ, ಎಸ್‌ಸಿಡಿ ಗಿಸಿಡಿ ನನಗ ಭಾಳ ತಿಳಿಯಂಗಿಲ್ಲ. ಆದ್ರ ನೀವು ಮಾಡಿದ್ದು ಕಡೀಕ ನಮ್ಮ ಮುಂದಿನ ಸ್ಕ್ರೀನಿಗೇ ಬರ್ತೈತಿ, ಅದಕ್ಕ ಎರಡು ಮಾತು ಹೇಳ್ತೀನ್ರಿ.

ರಾತ್ರಿ ಎರಡೂವರಿಗೆ ಅಲಾರ್ಮ್ ಬಂತು, ನೋಡಿದ್ರ ಜಿಜಿಐಒ1 ಐಎನ್‌ಡಿ17 ಅಂತ ಬರದೈತಿ. ಏನಿದು? ಬ್ರೇಕರ್ ಸ್ಪ್ರಿಂಗ್ ಚಾರ್ಜ್ ಆಗಿಲ್ಲೋ, ಟ್ರಾನ್ಸ್‌ಫಾರ್ಮರ್ ಬುಕೋಲ್ಜ್ ಅಲಾರ್ಮೋ, ಡಿಸಿ ಹೋತೋ? ಕಮಿಷನಿಂಗ್ ಮಾಡಿ ಹೋದವ್ರು ಕೊಟ್ಟ ಫೈಲ್ ತಗದು, ಟಾರ್ಚ್ ಹಿಡಕೊಂಡು ಪ್ಯಾನೆಲ್ ಹಿಂದ ಹೋಗಿ ಬೈನರಿ ಇನ್‌ಪುಟ್ ಹದಿನೇಳು ಯಾವ್ದಂತ ಹುಡುಕಬೇಕಾತು. ಸ್ಪ್ರಿಂಗ್ ಚಾರ್ಜಿಂಗ್ ಮೋಟರ್ ಎಂಸಿಬಿ ಬಿದ್ದಿತ್ರಿ. ಆ ಹೊತ್ತಿನ್ಯಾಗ ಲೈನ್ ಟ್ರಿಪ್ ಆಗಿದ್ರ, ಬ್ರೇಕರ್ ಒಮ್ಮೆ ಹಾಕಿದ ಮ್ಯಾಲ ಸ್ಪ್ರಿಂಗ್ ಮತ್ತ ಚಾರ್ಜ್ ಆಗ್ತಿರಲಿಲ್ಲ. ನೀವು ಆಫೀಸಿನ್ಯಾಗ ಕುಂತು ಸಿಗ್ನಲ್‌ಗೆ ಸರಿಯಾದ ಹೆಸರು ಕೊಡೂದು ಐದು ನಿಮಿಷದ ಕೆಲಸ, ಇಲ್ಲೆ ಅದು ಅರ್ಧ ತಾಸು ಆಗ್ತೈತಿ.

ಇನ್ನೊಂದು ಟೈಮ್. ಒಂದು ಫಾಲ್ಟ್ ಆದಾಗ ಈವೆಂಟ್ ಲಿಸ್ಟಿನ್ಯಾಗ ಒಂದು ರಿಲೇ ಟ್ರಿಪ್ ಆದ ಟೈಮು ಉಳಿದವಕ್ಕಿಂತ ಸರಿಯಾಗಿ ಐದೂವರಿ ತಾಸು ಮುಂದ ತೋರಸ್ತಿತ್ತು. ಯಾವ್ದು ಮೊದಲು ಬಿತ್ತು ಅಂತ ರಿಪೋರ್ಟ್ ಬರೀಬೇಕು, ಹೆಂಗ ಬರೀಬೇಕು? ಇದ್ಯಾಕ ಹಿಂಗಾತಂತ ಯಾರರ ತಿಳಿಸಿ ಹೇಳ್ರಿ.

ಹಳೇ_ಸಿಂಗಲ್‌ಲೈನ್

ಸರ್, ನೀವು ಬರೆದಿದ್ದು ಈ ಚರ್ಚೆಗೆ ಬೇಕೇ ಬೇಕಿತ್ತು. ಐದೂವರೆ ಗಂಟೆ ಅಂದ್ರೆ ಅದು ನಮ್ಮ ಐಎಸ್‌ಟಿ, ಬೇರೇನಲ್ಲ. 61850ರಲ್ಲಿ ಟಿ ಯಾವಾಗ್ಲೂ ಯುಟಿಸಿಲೇ ಇರ್ಬೇಕು, ಭಾರತೀಯ ಸಮಯಕ್ಕೆ ಬದಲಾಯಿಸೋದು ಎಚ್‌ಎಂಐ ಕೆಲಸ. ಆ ಒಂದು ರಿಲೇಲಿ ಯಾರೋ ಗಡಿಯಾರವನ್ನೇ ಐಎಸ್‌ಟಿಗೆ ಇಟ್ಟು ಅದನ್ನ ಯುಟಿಸಿ ಅಂತ ಕಳಿಸ್ತಿದಾರೆ, ಎಚ್‌ಎಂಐ ಅದಕ್ಕೆ ಮತ್ತೆ ಐದೂವರೆ ಸೇರಿಸ್ತಿದೆ. ಆ ರಿಲೇ ಟೈಮ್ ಝೋನ್ ಸೆಟ್ಟಿಂಗ್ ನೋಡೋಕೆ ಹೇಳಿ.

ಜಿಜಿಐಒ ಬಗ್ಗೆ ನಂಗೂ ಬೇಜಾರಿದೆ. ಅದು ಯಾವ ನೋಡಿಗೂ ಸೇರದ ಸಿಗ್ನಲ್‌ಗೆ ಅಂತ ಇಟ್ಟ ಜಾಗ, ನಮ್ಮಲ್ಲಿ ಬೈನರಿ ಇನ್‌ಪುಟ್ ಎಲ್ಲ ಅಲ್ಲಿಗೇ ತುಂಬ್ತಾರೆ. ಎಸ್‌ಎಫ್6 ಗ್ಯಾಸಿಗೆ ಎಸ್‌ಐಎಂಜಿ ಅಂತ ನೋಡೇ ಇದೆ, ಬ್ರೇಕರ್ ಪೊಸಿಷನ್ನಿಗೆ ಎಕ್ಸ್‌ಸಿಬಿಆರ್ ಇದೆ, ಇಷ್ಟಿದ್ದೂ ಬ್ರೇಕರ್ ಪೊಸಿಷನ್ನೇ ಜಿಜಿಐಒಲಿ ಬಂದಿದ್ದು ನೋಡಿದೀನಿ. ಪ್ರಶ್ನೆ ಕೇಳಿದ ತಮ್ಮ, ನೀವು ಈ ಪ್ರಾಜೆಕ್ಟಲ್ಲಿ ಜಿಜಿಐಒ ಬಳಸಲೇಬೇಕಾದ ಕಡೆ ಅದ್ರ ಡಿ ಅನ್ನೋ ಡಿಸ್ಕ್ರಿಪ್ಷನ್ ಜಾಗದಲ್ಲಿ ಪೂರ್ತಿ ಹೆಸರು ತುಂಬಿ, ಆ ಹೆಸರು ಸಿಗ್ನಲ್ ಲಿಸ್ಟಲ್ಲೂ ಎಚ್‌ಎಂಐಲೂ ಅಕ್ಷರಶಃ ಒಂದೇ ಇರ್ಲಿ.

ಪೋರ್ಟ್102

ಗೇಟ್‌ವೇ ವಿಷಯ ಯಾರೂ ಮುಟ್ಲಿಲ್ಲ, ನಾನು ಹೇಳ್ತೀನಿ. ಇದು ಬಹುತೇಕ ರಿಪೋರ್ಟ್ ಕಂಟ್ರೋಲ್ ಬ್ಲಾಕ್ ಕಥೆ. ಎಚ್‌ಎಂಐ, ಗೇಟ್‌ವೇ ಎರಡಕ್ಕೂ ಡೇಟಾ ಹೋಗೋದು ಎಂಎಂಎಸ್ (ಕ್ಲೈಂಟ್ ಸರ್ವರ್ ಮಾತಾಡೋ ಪ್ರೊಟೊಕಾಲ್) ರಿಪೋರ್ಟಲ್ಲಿ, ಟಿಸಿಪಿ ಪೋರ್ಟ್ 102. ಒಂದು ರಿಪೋರ್ಟ್ ಕಂಟ್ರೋಲ್ ಬ್ಲಾಕ್ ಇನ್‌ಸ್ಟನ್ಸನ್ನ ಒಂದು ಹೊತ್ತಿಗೆ ಒಬ್ಬ ಕ್ಲೈಂಟ್ ಮಾತ್ರ ಹಿಡ್ಕೊಳ್ಳಬಹುದು. ಮೇನ್ ಎಚ್‌ಎಂಐ 01ನ ಹಿಡೀತು, ಸ್ಟ್ಯಾಂಡ್‌ಬೈ 02 ಹಿಡೀತು, ಮೂರನೆಯವರಾಗಿ ಗೇಟ್‌ವೇ ಬಂದಾಗ ಖಾಲಿ ಇಲ್ಲ. ನಿಮ್ಮ ಎಸ್‌ಸಿಡಿಲಿ ಆ ರಿಪೋರ್ಟ್‌ಕಂಟ್ರೋಲ್ ಹುಡುಕಿ, ಒಳಗೆ ರಿಪೋರ್ಟ್‌ಎನೇಬಲ್ಡ್ ಅಂತ ಇರುತ್ತೆ, ಅದ್ರ ಮ್ಯಾಕ್ಸ್ ಎಷ್ಟಿದೆ ನೋಡಿ. ಕೆಳಗೆ ಕ್ಲೈಂಟ್‌ಎಲ್‌ಎನ್ ಸಾಲುಗಳೂ ಇರಬಹುದು, ಎಚ್‌ಎಂಐಗೆ ಐಎಚ್‌ಎಂಐ, ಗೇಟ್‌ವೇಗೆ ಐಟಿಸಿಐ, ಯಾರಿಗೆ ಯಾವುದು ಮೀಸಲು ಅಂತ ಅಲ್ಲೇ ಬರೆದಿರುತ್ತೆ. ಪಿಂಗ್ ಹೋಗೋದ್ರಿಂದ ಇದ್ಯಾವುದೂ ಗೊತ್ತಾಗಲ್ಲ, ಪಿಂಗ್ ಬರೀ ದಾರಿ ಇದೆ ಅಂತ ಹೇಳುತ್ತೆ.

ಮನೇಲಿ ಅಭ್ಯಾಸ ಮಾಡೋಕೆ ರಿಲೇನೇ ಬೇಕಿಲ್ಲ. ಲಿಬ್‌ಐಇಸಿ61850 ಅನ್ನೋ ಓಪನ್ ಸೋರ್ಸ್ ಲೈಬ್ರರಿ ಇದೆ, ಸಿ ಭಾಷೆಲಿ. ಲಿನಕ್ಸ್ ಲ್ಯಾಪ್‌ಟಾಪಲ್ಲಿ ಬಿಲ್ಡ್ ಮಾಡಿ ಅದ್ರ ಬೇಸಿಕ್ ಐಒ ಸರ್ವರ್ ಉದಾಹರಣೆ ಓಡಿಸಿ, 102 ಚಿಕ್ಕ ಪೋರ್ಟ್ ಆಗಿರೋದ್ರಿಂದ ರೂಟ್ ಅನುಮತಿ ಬೇಕಾಗುತ್ತೆ. ಅದ್ರಲ್ಲಿ ಒಂದು ಜಿಜಿಐಒ, ನಾಲ್ಕು ಅನಲಾಗ್, ನಾಲ್ಕು ಕಂಟ್ರೋಲ್ ಮಾಡೋ ಪಾಯಿಂಟ್ ಇರುತ್ತೆ. ವಿಂಡೋಸಲ್ಲಿ ಐಇಡಿ ಎಕ್ಸ್‌ಪ್ಲೋರರ್ ಅಂತ ಉಚಿತ ಕ್ಲೈಂಟ್ ಸಿಗುತ್ತೆ, ಅದ್ರಿಂದ ಕನೆಕ್ಟ್ ಆದ್ರೆ ಮಾಡೆಲ್ ಪೂರ್ತಿ ಮರದ ಹಾಗೆ ಬಿಚ್ಕೊಳ್ಳುತ್ತೆ, ಲಾಜಿಕಲ್ ಡಿವೈಸ್, ನೋಡ್, ಎಸ್‌ಟಿ (ಸ್ಥಿತಿ), ಎಂಎಕ್ಸ್ (ಅಳತೆ), ಸಿಒ (ಕಂಟ್ರೋಲ್) ಎಲ್ಲ ಕಣ್ಮುಂದೆ. ಇನ್ನೊಂದು ಕಡೆ ವೈರ್‌ಶಾರ್ಕ್ ತೆಗೆದಿಟ್ಟು ಒಂದು ರಿಪೋರ್ಟ್ ಎನೇಬಲ್ ಮಾಡಿ ಏನು ಹೋಯ್ತು ಏನು ಬಂತು ನೋಡಿ. ಮಲ್ಟಿಮೀಟರ್ ಇಲ್ಲ ಅಂದ್ರಲ್ಲ, ಇಲ್ಲಿ ಅದೇ ಮಲ್ಟಿಮೀಟರ್.

ಗೂಸ್ ಪಬ್ಲಿಷರ್ ಉದಾಹರಣೆನೂ ಅದೇ ಲೈಬ್ರರಿಲಿದೆ. ಗೂಸ್‌ಗೆ ಐಪಿ ಇಲ್ಲ, ಸೀದಾ ಈಥರ್‌ನೆಟ್ ಮಲ್ಟಿಕಾಸ್ಟ್, ಈಥರ್‌ಟೈಪ್ 88ಬಿ8, ರೌಟರ್ ದಾಟಲ್ಲ. ಬೆಲೆ ಬದಲಾದ ತಕ್ಷಣ ಎಸ್‌ಟಿನಂಬರ್ ಒಂದು ಏರಿ ಎಸ್‌ಕ್ಯೂನಂಬರ್ ಸೊನ್ನೆ ಆಗುತ್ತೆ, ಮೊದಲು ದಡದಡ ಅಂತ ಕೆಲವು ಪ್ಯಾಕೆಟ್, ಆಮೇಲೆ ಅಂತರ ಹೆಚ್ಚಾಗ್ತಾ ಹೋಗಿ ನಿಧಾನಕ್ಕೆ ಬಡಿತಾ ಇರುತ್ತೆ. ಬಂತು ಅಂತ ವಾಪಸ್ ಹೇಳೋರು ಯಾರೂ ಇಲ್ಲದ ಕಾರಣ ಮತ್ತೆ ಮತ್ತೆ ಕಳಿಸೋದು. ಟ್ರಿಪ್ ಥರದ ಮೆಸೇಜಿಗೆ ಸ್ಟ್ಯಾಂಡರ್ಡ್ ಕೇಳೋದು 3 ಮಿಲಿಸೆಕೆಂಡು, ಅಷ್ಟರಲ್ಲಿ ಕೇಳಿ ಹೇಳಿ ಮಾಡೋಕೆ ಹೊತ್ತಿಲ್ಲ.

ಸೆಕೆಂಡರಿ_ಇಂಜೆಕ್ಷನ್

ಎಲ್ರಿಗೂ ಮನಸಾರೆ ಧನ್ಯವಾದ. ಒಂಬತ್ತು ದಿನ ಆದ್ಮೇಲೆ ಬರೀತಿದೀನಿ, ಮಾಡಿ ನೋಡಿ ಬರೆಯೋಣ ಅಂತ ಕಾದಿದ್ದೆ.

ಗೇಟ್‌ವೇ ಸಿಕ್ತು. ರಿಪೋರ್ಟ್‌ಎನೇಬಲ್ಡ್ ಮ್ಯಾಕ್ಸ್ 2 ಇತ್ತು, ಕೆಳಗೆ ಎರಡು ಐಎಚ್‌ಎಂಐ ಸಾಲು ಮಾತ್ರ. ಗೇಟ್‌ವೇ ಐಸಿಡಿ ನಮಗೆ ತಡವಾಗಿ ಬಂದಿತ್ತು, ಎಸ್‌ಸಿಡಿಗೆ ಇಂಪೋರ್ಟ್ ಆಗಿತ್ತು ಆದ್ರೆ ಕ್ಲೈಂಟ್ ಆಗಿ ಯಾವ ರಿಪೋರ್ಟಿಗೂ ಸೇರಿರ್ಲಿಲ್ಲ. ಮೊದಲು ರಿಲೇ ಟೂಲಲ್ಲೇ 3 ಅಂತ ಮಾಡಿಬಿಡೋಣ ಅಂತ ಕೈ ಹೋಗಿತ್ತು, ಬಸ್‌ಕಪ್ಲರ್ ಅವರು ಬರೆದಿದ್ದು ನೆನಪಾಗಿ ನಿಲ್ಸಿದೆ. ಸಿಸ್ಟಂ ಟೂಲಲ್ಲಿ ಮೂರು ಮಾಡಿ, ಐಟಿಸಿಐ ಸೇರ್ಸಿ, ಹೆಡರಲ್ಲಿ ರಿವಿಷನ್ ಏರ್ಸಿ, ಎಸ್‌ಸಿಡಿ ತೆಗೆದು ರಿಲೇಗೆ ಇಳಿಸಿದೆ. ಗೇಟ್‌ವೇ ಕನೆಕ್ಟ್ ಆದ ತಕ್ಷಣ ಜನರಲ್ ಇಂಟರೊಗೇಷನ್ ರಿಪೋರ್ಟ್ ಬಂತು, ಬ್ರೇಕರ್ 01.

ಆಮೇಲೆ ಎರಡು ಬೈನರಿ ಇನ್‌ಪುಟ್ಟಿಗೆ ಟಾಗಲ್ ಸ್ವಿಚ್ ಕಟ್ಟಿ 52ಎ, 52ಬಿ ಮಾಡ್ಕೊಂಡು ನಿಧಾನಕ್ಕೆ ಒಂದು ತೆಗೆದು ಇನ್ನೊಂದು ಹಾಕಿದೆ. ವೈರ್‌ಶಾರ್ಕಲ್ಲಿ 01 ಹೋಗಿ 00 ಬಂತು, ಆಮೇಲೆ 10. ಎರಡೂ ಸ್ವಿಚ್ ಒಟ್ಟಿಗೆ ಹಾಕಿದ್ರೆ 11, ಎಚ್‌ಎಂಐಲಿ ಬ್ರೇಕರ್ ಬಣ್ಣ ಬದಲಾಗಿ ಅಲಾರ್ಮ್ ಬಂತು. ಒಂದು ಗಂಟೆ ಅದನ್ನೇ ಮಾಡ್ತಾ ಕೂತಿದ್ದೆ.

ಹುಬ್ಬಳ್ಳಿ ಸರ್, ನಿಮ್ಮ ಮಾತು ಕೇಳಿ ನಮ್ಮ ಸಿಗ್ನಲ್ ಲಿಸ್ಟ್ ತೆಗೆದು ನೋಡಿದೆ, 66 ಕೆವಿ ಬೇ ಒಂದರಲ್ಲೇ ಇಪ್ಪತ್ತಮೂರು ಜಿಜಿಐಒ ಇದೆ, ಹತ್ತೊಂಬತ್ತಕ್ಕೆ ಹೆಸರಿಲ್ಲ. ತುಂಬೋಕೆ ಶುರು ಮಾಡಿದೀನಿ. ಒಂದು ಕೇಳ್ಬೇಕಿತ್ತು, ಸ್ಪ್ರಿಂಗ್ ಚಾರ್ಜಿಂಗ್ ಮೋಟರ್ ಎಂಸಿಬಿ ಬಿದ್ರೆ ನಿಮಗೆ ಸ್ಕ್ರೀನ್ ಮೇಲೆ ಏನಂತ ಬಂದ್ರೆ ಅನುಕೂಲ?

110ಕೆವಿ_ನೈಟ್‌ಶಿಫ್ಟ್

ಬೇ ಹೆಸರು ಮೊದಲು ಬರ್ಲಿ, ಆಮ್ಯಾಲ ಬ್ರೇಕರ್, ಆಮ್ಯಾಲ ಸ್ಪ್ರಿಂಗ್ ಚಾರ್ಜ್ ಮೋಟರ್ ಎಂಸಿಬಿ ಟ್ರಿಪ್ ಅಂತ. ಅಷ್ಟ ಸಾಕ್ರಿ. ಎಂಸಿಬಿ ಟ್ರಿಪ್ ಬ್ಯಾರೆ, ಸ್ಪ್ರಿಂಗ್ ಚಾರ್ಜ್ ಆಗಿಲ್ಲ ಅನ್ನೂದು ಬ್ಯಾರೆ, ಎರಡನ್ನೂ ಕೂಡಿಸಿ ಒಂದ ಅಲಾರ್ಮ್ ಮಾಡಬ್ಯಾಡ್ರಿ. ಮೊದಲನೇದು ಬಂದ್ರ ನಾವು ಯಾರ್ಡಿಗೆ ಹೋಗಿ ಎಂಸಿಬಿ ಎತ್ತತೀವಿ, ಎರಡನೇದು ಬಂದ್ರ ಹ್ಯಾಂಡಲ್ ತಗೊಂಡು ಹೋಗಬೇಕು. ಟೈಮ್ ಝೋನ್ ನೋಡಾಕ ಹೇಳೇನ್ರಿ, ರಿಲೇದವ್ರು ಸೋಮವಾರ ಬರ್ತಾರಂತ.